ಲಟ್ಟಣಿಗೆಗೆ ಕಟ್ಟಿದ ಕೀಲಿ

ಹೊಸಪೇಟೆಯ ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಆ ಹೆಂಗಸು ಕೊನೆಗೂ ತಮ್ಮ ಸ್ಟೂಲು ಬಿಟ್ಟು ಎದ್ದರಂತೆ. ನನಗೆ ಸುದ್ದಿ ಮುಟ್ಟಿಸಿದ್ದು ನಮ್ಮ ಅತ್ತೆ. ಅತ್ತೆಗೆ ಮುಟ್ಟಿಸಿದ್ದು ಖುದ್ದು ಅವರೇ, ಫೋನಿನಲ್ಲಿ. "ಸಾಕಾತು ಯಕ್ಕಾ. ಮಣಕಾಲು ಮಾತು ಕೇಳವಲ್ವು. ಅಂಗಡಿ ಬ್ಯಾರೆಯವ್ರ ಕೈಗೆ ಕೊಟ್ಬಿಟ್ಟೆ" ಎಂದರಂತೆ.

ಯಾರ ಕೈಗೆ, ಯಾಕೆ, ಏನು ಎಂದು ನಮ್ಮ ಅತ್ತೆ ಕೇಳಲಿಲ್ಲ. "ಲಟ್ಟಣಿಗಿ?" ಎಂದರು.

"ಅದು ಅಲ್ಲೇ ಐತಿ. ಅದನ್ನ ತಗದ್ರ ಅಂಗಡಿ ವಾಪಸ್ ಕಸಗೋತೀನಿ ಅಂತ ಹೇಳೀನಿ."

ಅತ್ತೆ ಫೋನು ಇಟ್ಟು ನನ್ನ ಕಡೆ ತಿರುಗಿ "ಪುಣ್ಯಾತ್ಗಿತ್ತಿ" ಎಂದರು. ಅತ್ತೆಯ ಬಾಯಲ್ಲಿ ಆ ಮಾತು ಸುಲಭಕ್ಕೆ ಬರುವುದಿಲ್ಲ. ನಾನು ಇಷ್ಟು ವರ್ಷ ರೊಟ್ಟಿ ಬಡಿದು ಹಾಕುತ್ತಿದ್ದೇನೆ, ನನಗೆ ಇನ್ನೂ ಸಿಕ್ಕಿಲ್ಲ.

ಔಷಧಿ ಅಂಗಡಿಯಲ್ಲಿ ಲಟ್ಟಣಿಗೆಗೆ ಏನು ಕೆಲಸ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆ ಅಂಗಡಿಯ ಹಿಂದೆ ಒಂದು ಪಾಯಖಾನೆ ಇತ್ತು. ದೊಡ್ಡದೇನಲ್ಲ, ಒಬ್ಬರು ನಿಂತು ತಿರುಗುವಷ್ಟು ಜಾಗ. ಆದರೆ ಸ್ವಚ್ಛ, ಒಳಗಿನಿಂದ ಅಗಳಿ, ಬಕೆಟ್ ತುಂಬ ನೀರು. ಅದನ್ನು ಅವರು ಹಟ ಹಿಡಿದು ಕಟ್ಟಿಸಿದ್ದರು. ಬಸ್ಸಿಗೆ ಬಂದ ಯಾವ ಹೆಂಗಸು ಬೇಕಾದರೂ ಬಂದು ಕೀಲಿ ಕೇಳಬಹುದು. ಔಷಧಿ ಕೊಳ್ಳಬೇಕೆಂದೇನೂ ಇಲ್ಲ. ಮೊದಮೊದಲು ಕೀಲಿಗೆ ಒಂದು ದಾರ ಕಟ್ಟಿದ್ದರಂತೆ. ಕಂಪ್ಲಿ ಬಸ್ಸು ಹೊರಟಿತು ಎಂದು ಓಡುವ ಗಡಿಬಿಡಿಯಲ್ಲಿ ಹೆಂಗಸರು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ಹೋಗಿಬಿಡುತ್ತಿದ್ದರು. ಬೀಗ ಒಡೆದು ಒಡೆದು ಬೇಸತ್ತು, ಇವರು ಮನೆಯಿಂದ ಹಳೆಯ ಲಟ್ಟಣಿಗೆ ತಂದು ಅದಕ್ಕೆ ಕೀಲಿ ಕಟ್ಟಿದರು.

"ಈಗ ಹೆಂಗ ಒಯ್ತಾರ ನೋಡೋಣು" ಎಂದು ನನ್ನೆದುರು ಒಮ್ಮೆ ಹೆಮ್ಮೆಯಿಂದ ಹೇಳಿಕೊಂಡಿದ್ದರು. "ಲಟ್ಟಣಿಗಿ ಹಿಡ್ಕೊಂಡು ಬಸ್ ಹತ್ತಿದ್ರ ಗಂಡಸ್ರು ಸೀಟು ಬಿಟ್ಟು ಎದ್ದು ನಿಲ್ತಾರ."

ಆದರೂ ಒಬ್ಬಾಕೆ ಅದನ್ನು ಕಂಪ್ಲಿ ತನಕ ಒಯ್ದಳು. ಮರುದಿನ ಕಂಡಕ್ಟರು ಅದನ್ನು ಎತ್ತಿ ಹಿಡಿದುಕೊಂಡು ಬಂದು, "ಯಾರದ್ರೀ ಇದು ಆಯುಧ?" ಎಂದು ಅಂಗಡಿಯ ಮುಂದೆ ನಿಂತನಂತೆ. ಹಂಪಿಯಿಂದ ಬರುವ ಪರದೇಶದ ಹುಡುಗಿಯರು ಹೊಟ್ಟೆಯ ಕೆಳಗೆ ಕೈ ಇಟ್ಟುಕೊಂಡು ಮುಖ ಹಿಂಡಿದರೆ ಇವರು ಮೊದಲು ಲಟ್ಟಣಿಗೆ ಎತ್ತಿ ತೋರಿಸುತ್ತಿದ್ದರು. ಪಾಪ, ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆಮೇಲೆ ಅದರ ತುದಿಯಲ್ಲಿ ತೂಗುತ್ತಿದ್ದ ಕೀಲಿ ಕಂಡು ಕೈಮುಗಿಯುತ್ತಿದ್ದರು.

ಗಿಡ್ಡನೆಯ ಆಳು. ಕೊರಳಿಗೆ ದಾರದಲ್ಲಿ ನೇತುಬಿಟ್ಟ ಕನ್ನಡಕ, ಎಡಗೈಯಲ್ಲಿ ಹಸಿರು ಬಳೆಗಳ ಜೊತೆಗೇ ಒಂದಿಷ್ಟು ರಬ್ಬರ್ ಬ್ಯಾಂಡು. ಯೋಚನೆ ಬಂದಾಗ ಆ ರಬ್ಬರ್ ಬ್ಯಾಂಡನ್ನು ಎಳೆದು ಪಟ್ ಎಂದು ಬಿಡುವುದು ಅವರ ಚಾಳಿ. ಹುಟ್ಟೂರು ಸಂಡೂರು, ಓದಿದ್ದು ಬಳ್ಳಾರಿಯಲ್ಲಿ, ಮದುವೆಯಾಗಿ ಬಂದದ್ದು ಚಿತ್ತವಾಡ್ಗಿಗೆ. ದಿನಾ ಬೆಳಿಗ್ಗೆ ಅಲ್ಲಿಂದ ಆಟೋದಲ್ಲಿ ಬಂದು ಶಟರ್ ಎತ್ತುತ್ತಿದ್ದರು. ಕೌಂಟರಿನ ಮೂಲೆಯಲ್ಲಿ ಒಂದು ಮಣ್ಣಿನ ಗಡಿಗೆ, ಅದರ ಮೇಲೆ ಸ್ಟೀಲಿನ ಲೋಟ. ಯಾರೇ ಬರಲಿ, ತಲೆನೋವೆನ್ನಲಿ, ಹೊಟ್ಟೆನೋವೆನ್ನಲಿ, ಮೊದಲ ಮಾತು ಒಂದೇ: "ಮೊದ್ಲು ನೀರು ಕುಡಿ. ಆಮ್ಯಾಲ ಮಾತು."

ನಾನು ಆ ನೀರು ಕುಡಿದದ್ದು ಅತ್ತೆಯ ದೆಸೆಯಿಂದ.

ನಾವು ಗದಗಿನವರು. ನಮ್ಮ ಮಾವ ತೀರಿಕೊಂಡ ಮೇಲೆ ಅತ್ತೆ ಓಣಿಯ ಭಜನಾ ಮಂಡಳಿ ಸೇರಿದ್ದರು. ಆ ಮಂಡಳಿಯವರು ಟೆಂಪೋ ಮಾಡಿಕೊಂಡು ಹಂಪಿಗೆ ಹೊರಟರು. ಹುಟ್ಟಿದಾಗಿನಿಂದ ಹಂಪಿಯ ಹೆಸರು ಕೇಳುತ್ತ, ಒಮ್ಮೆಯೂ ನೋಡದ ಜೀವ ನಮ್ಮ ಅತ್ತೆಯದು. ಆದರೆ ನಮ್ಮ ಮನೆಯವರು ಮಹಾ ಅಂಜುಬುರುಕರು. ಅವ್ವನಿಗೆ ಸಕ್ಕರೆ ಕಾಯಿಲೆ, ಅವ್ವನಿಗೆ ವಯಸ್ಸಾಯಿತು, ಅವ್ವ ಮನೆಯಲ್ಲೇ ದೇವರ ಮುಂದೆ ಕೂರಲಿ ಎಂಬುದು ಅವರ ವಾದ. ಅತ್ತೆ ಎರಡು ಹೊತ್ತು ಚಹಾ ಬಿಟ್ಟು ಮುನಿಸಿಕೊಂಡು ಕೂತ ಮೇಲೆ ಒಪ್ಪಿದರು. ಅದೂ ನಾನು ಬೆನ್ನಿಗಿರಬೇಕೆಂಬ ಕರಾರಿನ ಮೇಲೆ. "ಒಂದು ಸೀನು ಬಂತಂದ್ರೂ ಇದ ಕಡೀ ಸಲ ನೋಡವ್ವ" ಎಂದು ಟೆಂಪೋದ ಬಾಗಿಲಲ್ಲಿ ನಿಂತು ಹೇಳಿದ್ದರು. ಅತ್ತೆ ಆ ಮಾತನ್ನು ಉಡಿಯಲ್ಲಿ ಕಟ್ಟಿಕೊಂಡೇ ಹೊರಟರು.

ಟೆಂಪೋದಲ್ಲಿ ಹೆಂಗಸರು ನೀರು ಕುಡಿಯಬಾರದು ಎಂಬುದು ಯಾರೂ ಬರೆಯದ ಕಾನೂನು. ಕುಡಿದರೆ ನಿಲ್ಲಿಸಬೇಕಾಗುತ್ತದೆ. ನಿಲ್ಲಿಸಬೇಕಾದರೆ ಡ್ರೈವರನಿಗೆ ಹೇಳಬೇಕಾಗುತ್ತದೆ. ಹೇಳುವವರು ಯಾರು? ಅವ ಎಲ್ಲರಿಗೂ "ಅಪ್ಪಾ, ತಮ್ಮಾ", ಆದರೂ ಗಂಡಸು. ಹೀಗಾಗಿ ಎಲ್ಲರೂ ತುಟಿ ಒದ್ದೆ ಮಾಡಿಕೊಂಡು ಕೂತರು. ಅತ್ತೆಯಂತೂ ಬಾಯಿ ಮುಕ್ಕಳಿಸಿ ಕಿಟಕಿಯಿಂದ ಉಗಿದರೇ ಹೊರತು ಒಂದು ಗುಟುಕು ನುಂಗಲಿಲ್ಲ. ಕಂಪ್ಲಿಯಲ್ಲಿ ಮಂಡಳಿಯ ಒಬ್ಬರ ತವರುಮನೆಯಲ್ಲಿ ಮಧ್ಯಾಹ್ನದ ಊಟ. ಸುತ್ತ ಕಾಲುವೆಯ ನೀರು ಹರಿಯುವ ಹಸಿರು ಗದ್ದೆ, ಎದುರಿಗೆ ತಂಬಿಗೆ ತುಂಬ ಮಜ್ಜಿಗೆ. ಅತ್ತೆ "ಸಾಕ್ರಿ, ಸಾಕ್ರಿ" ಎಂದು ಕೈ ಅಡ್ಡ ಹಿಡಿದರು. ಆ ರಾತ್ರಿ ಹೊಸಪೇಟೆಯ ಒಂದು ಛತ್ರದಲ್ಲಿ ವಸ್ತಿ. ಬೆಳಿಗ್ಗೆ ಎದ್ದು ಹಂಪಿಗೆ ಹೊರಡುವುದೆಂದು ಮಾತಾಗಿತ್ತು.

ಬೆಳಿಗ್ಗೆ ಅತ್ತೆ ಬಚ್ಚಲಿಗೆ ಹೋದರು, ಬಂದರು, ಮತ್ತೆ ಹೋದರು. ಮುಖ ಕಪ್ಪಿಟ್ಟಿತ್ತು. ನನ್ನನ್ನು ಕಂಬದ ಹಿಂದೆ ಎಳೆದುಕೊಂಡು, "ಯಾರ ಮುಂದನೂ ಹೇಳಂಗಿಲ್ಲ ಅಂತ ಆಣಿ ಮಾಡು" ಎಂದರು.

"ಏನಾತ್ರೀ ಅತ್ತಿ?"

"ಉರೀತೈತಿ." ಅಷ್ಟು ಹೇಳಲು ಅವರಿಗೆ ಕಣ್ಣಲ್ಲಿ ನೀರು ಬಂತು. "ಉಷ್ಣ ಆಗೇತಿ, ಅಷ್ಟ. ಹೊಕ್ಕಳಕ್ಕ ಹರಳೆಣ್ಣಿ ಹಚ್ಕೊಂಡೀನಿ. ನೀ ಅಂಗಡಿಗೆ ಹೋಗಿ ಒಂದು ಗುಳಿಗಿ ತಗೊಂಡು ಬಾ. ನಿನಗಂತ ಹೇಳು."

"ನನಗ್ಯಾಕ?"

"ನೀ ವಯಸ್ಸಿನಾಕಿ, ನಿನಗ ಬಂದ್ರ ನಡೀತೈತಿ. ಈ ವಯಸ್ಸಿನ್ಯಾಗ ನನಗ ಅಂದ್ರ ಮಂದಿ ಏನಂದಾರು? ನನ್ನ ಮಗಗ ಗೊತ್ತಾದ್ರ ಮುಗೀತು, ಇನ್ನ ಹೊಸ್ತಿಲ ದಾಟಸಂಗಿಲ್ಲ."

ಸರಿ ಎಂದು ಹೊರಟೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಮಕ್ಕಳು ಹೇಳುವ ನೆವಗಳನ್ನೆಲ್ಲ ಕೇಳಿ ಕೇಳಿ ಪಳಗಿದವಳು. ಒಂದು ಸುಳ್ಳು ಹೇಳಲು ನನಗೇನು ಕಷ್ಟ ಎಂದುಕೊಂಡಿದ್ದೆ.

ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಆ ಹೆಂಗಸು "ಮೊದ್ಲು ನೀರು ಕುಡಿ" ಎಂದರು. ಲೋಟ ಗಟಗಟ ಮುಗಿಸಿದೆ. ಅಂಗಡಿಯಲ್ಲಿ ಗಂಡಸರು ನಿಂತಿದ್ದರು. ನಾನು ತಡವರಿಸಿದ್ದು ನೋಡಿ ಆ ಗಂಡಸರಿಗೆ, "ನೀವು ಒಂಚೂರು ಆ ಕಡೆ ಫ್ಯಾನಿನ ಕೆಳಗ ನಿಲ್ರಿ, ಈ ತಾಯಿದು ಮುಗಿಸಿ ಬರ್ತೀನಿ" ಎಂದು ಕೈ ಬೀಸಿದರು. ಗಂಡಸರು ಕುರಿಗಳ ಹಾಗೆ ಆ ಕಡೆ ಸರಿದರು. ನಾನು ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ದನಿ ಇಳಿಸಿ, ನನಗೆ ಉರಿಮೂತ್ರ ಎಂದೆ.

"ಎಂದಿಂದ?"

"ಇವತ್ತ ಮುಂಜಾನಿಂದ್ರೀ."

ಕಪಾಟಿನಿಂದ ಒಂದು ಸಿರಪ್ಪಿನ ಬಾಟಲಿ ಇಳಿಸಿದರು. ನನಗೆ ಖುಷಿಯಾಯಿತು, ಕೆಲಸ ಆಯಿತೆಂದು. ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು, "ಮುಟ್ಟು ನಿಂತೈತೇನು? ಬಸುರಿ ಅದೀಯೇನು?" ಎಂದರು. ಇಲ್ಲ ಎಂದೆ. "ಜ್ವರ?" ಎಂದರು.

"ಇದ್ದಂಗಿಲ್ಲ ಅನಸ್ತೈತ್ರೀ."

"ಅನಸ್ತೈತಿ?" ಕನ್ನಡಕ ಏರಿಸಿಕೊಂಡರು. "ಬೆನ್ನು, ಪಕ್ಕಿ ನೋವು ಐತೇನು?"

"ತಡೀರಿ, ಕೇಳ್ಕೊಂಡು ಬರ್ತೀನಿ" ಎಂದು ನಾನು ಎದ್ದೇಬಿಟ್ಟೆ!

ಮೆಟ್ಟಿಲ ತನಕ ಹೋದ ಮೇಲೆ ನಾನೇನು ಅಂದೆ ಎಂಬುದು ನನ್ನ ತಲೆಗೆ ಹೊಳೆಯಿತು. ತಿರುಗಿ ನೋಡಿದರೆ ಅವರು ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ನನ್ನನ್ನೇ ನೋಡುತ್ತಿದ್ದರು.

"ಯಾರನ್ನ ಕೇಳ್ಕೊಂಡು ಬರ್ತೀ ತಂಗಿ? ನಿನ್ನ ಬೆನ್ನು ಎಲ್ಲಿ ಬಿಟ್ಟು ಬಂದೀ?"

ಫ್ಯಾನಿನ ಕೆಳಗಿನ ಗಂಡಸೊಬ್ಬ ಕಿಸಕ್ಕೆಂದ. ಇವರು ಅವನ ಕಡೆ ಒಂದು ನೋಟ ಬಿಟ್ಟರು. ಅವ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

"ಉರಿ ಇದ್ದಾಕಿ ಹಿಂಗ ಆರಾಮ ಕಾಲ ಮ್ಯಾಲ ಕಾಲು ಹಾಕ್ಕೊಂಡು ಕುಂದ್ರಂಗಿಲ್ಲ. ಆಗಲೇ ಗೊತ್ತಾತು ನನಗ. ಯಾರದು, ಹೇಳು."

ಹೇಳಿದೆ. ಅತ್ತೆ ಎಂದೆ, ವಯಸ್ಸಾಗಿದೆ ಎಂದೆ, ಸಕ್ಕರೆ ಕಾಯಿಲೆ ಎಂದೆ. ಸಿರಪ್ಪಿನ ಬಾಟಲಿ ಮತ್ತೆ ಕಪಾಟಿಗೆ ಹೋಯಿತು.

"ನೋಡು, ನಿನಗಂತ ಕೊಡ್ತಿದ್ದೆ, ಆಕಿ ಕುಡೀತಿದ್ಲು. ಒಬ್ರ ರೋಗ ಇನ್ನೊಬ್ರ ಹೆಸರ್ಲೆ ಹೇಳಬಾರ್ದವ್ವಾ. ಔಷಧಿಗೆ ಅತ್ತಿ ಯಾರು, ಸೊಸಿ ಯಾರು ಅಂತ ಗೊತ್ತಾಗ್ತೈತೇನು?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಂಡಳಿಯವರಿಗೆ ಗೊತ್ತಾದರೆ ಅತ್ತೆ ತಲೆ ಎತ್ತುವುದಿಲ್ಲ, ಮಗನಿಗೆ ಗೊತ್ತಾದರೆ ಇನ್ನು ಜನ್ಮದಲ್ಲಿ ಊರು ಬಿಡುವುದಿಲ್ಲ, ಇದೊಂದು ಹಂಪಿಗಾಗಿ ಚಹಾ ಬಿಟ್ಟು ಕೂತವರು ಎಂದು ಒಂದೇ ಉಸಿರಿಗೆ ಒದರಿದೆ. ಅವರು ರಬ್ಬರ್ ಬ್ಯಾಂಡು ಎಳೆದು ಪಟ್ ಎನ್ನಿಸಿದರು. "ಮಂಡಳಿಯವ್ರಿಗೆ ಗೊತ್ತಾಗಂಗಿಲ್ಲ. ನಡಿ" ಎಂದು ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದರು.

ಛತ್ರದ ಮುಂದೆ ಹೆಂಗಸರು ಟೆಂಪೋ ಹತ್ತುತ್ತಿದ್ದರು. ನಾನು ಕಣ್ಸನ್ನೆಯಲ್ಲಿ ತೋರಿಸಿದ ಮೇಲೆ ಇವರು ನೆಟ್ಟಗೆ ಅತ್ತೆಯ ಹತ್ತಿರ ಹೋಗಿ, ಹುಟ್ಟಾ ಪರಿಚಯದವರ ಹಾಗೆ ಸೆರಗು ಹಿಡಿದು, "ಅಯ್ಯ ಯಕ್ಕಾ, ಇದು ಇಳಕಲ್ಲಿಂದೋ ಗಜೇಂದ್ರಗಡದ್ದೋ?" ಎಂದರು. ಸೀರೆಯ ಮಾತು ಬಂದರೆ ನಮ್ಮ ಅತ್ತೆ ಸಾವನ್ನೂ ಮರೆಯುತ್ತಾರೆ. "ಗಜೇಂದ್ರಗಡದ್ದು" ಎಂದರು. "ಭಾಳ ಚಂದೈತಿ. ಅಂಗಡ್ಯಾಗ ಲೈಟಿನ ಬೆಳಕಿಗೆ ಒಂಚೂರು ನೋಡ್ತೀನಿ, ಬರ್ರಿ" ಎಂದು ಕೈ ಹಿಡಿದು ನಡೆಸಿಕೊಂಡೇ ಬಂದರು. ಕೈ ಹಿಡಿದದ್ದು ಮೈಸುಡುವುದನ್ನು ನೋಡಲಿಕ್ಕೆ ಎಂಬುದು ನನಗೆ ಆಮೇಲೆ ತಿಳಿಯಿತು.

ಅಂಗಡಿಯ ಒಳಗಿನ ಪರದೆ ಎಳೆದು, ಅತ್ತೆಯ ಕೈಗೆ ಲಟ್ಟಣಿಗೆ ಕೊಟ್ಟು ಹಿಂದಿನ ಬಾಗಿಲು ತೋರಿಸಿದರು. ಅತ್ತೆ ಹೋಗಿ ಬಂದು ನೀರು ಕುಡಿದು ಕೂತರು. ಆಮೇಲೆ ನೋಡಿ, ನನಗೆ ಒಂದು ಮಾತು ಹೇಳಲು ಅಷ್ಟು ಒದ್ದಾಡಿದವರು ಆ ಅಪರಿಚಿತಳ ಮುಂದೆ ಎಲ್ಲ ಬಿಚ್ಚಿಟ್ಟರು. ನಸುಕಿನಿಂದ ನಡುಕ, ಬಲಪಕ್ಕೆಯಲ್ಲಿ ನೋವು, ಹೊಟ್ಟೆ ತೊಳಸಿದ ಹಾಗೆ. ನನಗೆ ಇದಾವುದೂ ಗೊತ್ತಿರಲಿಲ್ಲ.

"ಇದು ನನ್ನ ಅಂಗಡ್ಯಾಗ ಮುಗಿಯೋ ಮಾತಲ್ಲ ಯಕ್ಕಾ" ಎಂದರು ಅವರು, ಮೆಲ್ಲಗೆ. "ಬರೇ ಉರಿ ಇದ್ದಿದ್ರ ಮಾತು ಬ್ಯಾರೆ. ನಡುಕ ಬಂದೈತಿ, ಪಕ್ಕಿ ನೋವೈತಿ, ಮ್ಯಾಲ ಸಕ್ಕರಿ. ಇದು ಮ್ಯಾಲಕ್ಕ ಏರೇತಿ. ಡಾಕ್ಟ್ರು ಇವತ್ತ ನೋಡ್ಬೇಕು, ಈಗ ನೋಡ್ಬೇಕು."

"ಒಂದು ಗುಳಿಗಿ ಕೊಡ್ರಿ ಸಾಕು. ನಮ್ಮ ಓಣ್ಯಾಗ ಒಬ್ಬಾಕಿಗೆ ಹಂಗ ಅಂಗಡ್ಯಾಗ ಕೊಟ್ಟಿದ್ರು, ಆರಾಮಾದ್ಲು."

"ಆಕಿದು ಆಕಿಗಾತು. ನಾ ಕೊಡಂಗಿಲ್ಲ."

"ಹಂಪಿ?"

"ವಿರೂಪಾಕ್ಷ ಎಲ್ಲಿಗೂ ಹೋಗಂಗಿಲ್ಲ ಬಿಡ್ರಿ."

ಅತ್ತೆ ಸೆರಗು ಬಾಯಿಗೊತ್ತಿ ಅತ್ತರು. "ನನ್ನ ಮಗ ಇನ್ನ ಬಿಡಂಗಿಲ್ಲ" ಎಂದು ಮಗುವಿನ ಹಾಗೆ ಅತ್ತರು. ಆ ಹೊತ್ತಿಗೇ ನನ್ನ ಫೋನು ಬಡಿದುಕೊಳ್ಳಬೇಕೆ! ನಮ್ಮ ಮನೆಯವರೇ. ನಾನು ಫೋನನ್ನು ನೋಡುತ್ತ ನಿಂತೆ. ಅಂಗಡಿಯವರು ನನ್ನ ಮುಖ ನೋಡಿ, ಯಾರೆಂದು ತಿಳಿದು, ಅತ್ತೆಯ ಕಡೆ ತಿರುಗಿದರು. "ಯಕ್ಕಾ, ನಾ ಮಾತಾಡ್ಲೇನು? ಸುಳ್ಳು ಹೇಳಂಗಿಲ್ಲ ಮತ್ತ." ಅತ್ತೆ ಅಳುತ್ತಲೇ ತಲೆಯಾಡಿಸಿದರು.

"ನಮಸ್ಕಾರಪ್ಪಾ. ಹೊಸಪೇಟಿ ಮೆಡಿಕಲ್ ಶಾಪಿಂದ ಮಾತಾಡ್ತೀನಿ. ನಿಮ್ಮ ತಾಯಿಗೆ ಮೂತ್ರದ ಸೋಂಕಾಗೇತಿ, ಜ್ವರ ಐತಿ. ಡಾಕ್ಟ್ರ ಹತ್ರ ಕಳಸಾಕತ್ತೀನಿ."

ಆ ಕಡೆಯಿಂದ ಬಂದ ಕೂಗು ನನಗೂ ಕೇಳಿಸಿತು. "ನಾ ಮೊದ್ಲ ಬಡಕೊಂಡಿದ್ದೆ, ತಿರುಗಾಟ ಬ್ಯಾಡ ಅಂತ!"

"ತಿರುಗಾಡಿದ್ದಕ್ಕ ಬಂದಿಲ್ಲಪ್ಪಾ. ಬಾಯಾರಿದ್ರೂ ನೀರು ಕುಡೀಲಿಲ್ಲ, ಬಂದದ್ದು ತಡಕೊಂಡು ಕುಂತ್ರು. ಸಕ್ಕರಿ ಇದ್ದವ್ರಿಗೆ ಅಷ್ಟ ಸಾಕು. ಮನ್ಯಾಗ ಕುಂತ್ರೂ ಇದು ಬರ್ತೈತಿ. ನೀವು ತಿರುಗಾಟ ಬಿಡಸಬ್ಯಾಡ್ರಿ, ಗಾಡಿ ನಿಲ್ಲಸು ಅಂತ ಹೇಳೋ ಧೈರ್ಯ ಕೊಡ್ರಿ."

ಆಮೇಲೆ ನಮ್ಮ ಮನೆಯವರು ತಗ್ಗಿದ ದನಿಯಲ್ಲಿ ಡಾಕ್ಟರ ಆಸ್ಪತ್ರೆ ಎಲ್ಲಿದೆ ಎಂದು ಕೇಳಿದರು. ಸಂಜೆಯ ರೈಲಿಗೆ ಬಂದೂ ಬಂದರು.

ಮಂಡಳಿಯವರಿಗೆ ಅತ್ತೆಗೆ ಜ್ವರ ಎಂದಷ್ಟೇ ಹೇಳಿದೆವು; ಅದು ನಿಜವೂ ಆಗಿತ್ತು. ಹತ್ತಿರದ ಲೇಡಿ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಕಿಡ್ನಿಯ ತನಕ ಹೋಗಿದೆ, ತಡಮಾಡದೆ ಬಂದದ್ದು ಒಳ್ಳೆಯದಾಯಿತು ಎಂದು ಸಲೈನ್ ಹಚ್ಚಿ ಮಲಗಿಸಿದರು. ಇವರು ಅಂಗಡಿ ಮುಚ್ಚಿ ಮನೆಗೆ ಹೋಗುವ ಮುಂಚೆ ದಿನಾ ಬಂದು ಅತ್ತೆಯ ಮಂಚದ ತುದಿಯಲ್ಲಿ ಕೂರುತ್ತಿದ್ದರು. ಔಷಧಿಯ ಮಾತು ಒಂದೆರಡು, ಉಳಿದದ್ದೆಲ್ಲ ಸೀರೆ ಮತ್ತು ಸೊಸೆಯಂದಿರು. ನಾನು ಅಲ್ಲೇ ಕೂತಿದ್ದರೂ ಇಬ್ಬರಿಗೂ ಎಗ್ಗಿರಲಿಲ್ಲ.

ಡಾಕ್ಟರು ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಂಗಡಿಯವರೇ ತಮ್ಮ ಆಟೋದವನನ್ನು ಕಳಿಸಿ ನಮ್ಮನ್ನು ಹಂಪಿಗೆ ಅಟ್ಟಿದರು. "ಕೇಳಿದಲ್ಲಿ ನಿಲ್ಲಸ್ಬೇಕು" ಎಂದು ಅವನಿಗೆ ತಾಕೀತು. ಅತ್ತೆ ವಿರೂಪಾಕ್ಷನಿಗೆ ಕೈಮುಗಿದು, ಹೊಳೆಯ ದಂಡೆಯ ಬಂಡೆಯ ಮೇಲೆ ಕೂತು, ಬಾಟಲಿಯ ನೀರನ್ನು ಒಂದೊಂದೇ ಗುಟುಕು ಕುಡಿದರು. ನಮ್ಮ ಮನೆಯವರು ಪಕ್ಕದಲ್ಲಿ ಬಾಟಲಿಯ ಮುಚ್ಚಳ ಹಿಡಿದುಕೊಂಡು ನಿಂತಿದ್ದರು.

ಆಮೇಲೆ ಅತ್ತೆಯನ್ನು ಹಿಡಿಯುವವರಿಲ್ಲ. ಮಂಡಳಿ ಎಲ್ಲಿಗೇ ಹೊರಡಲಿ, ದಾರಿ ಹೊಸಪೇಟೆಯ ಮೇಲೆಯೇ ಹೋಗಬೇಕು, ಆ ಅಂಗಡಿಯ ಮುಂದೆ ನಿಲ್ಲಲೇಬೇಕು. ಮಂಡಳಿಯವರೆಲ್ಲ ಸಾಲಾಗಿ ಲಟ್ಟಣಿಗೆ ಕೈಯಿಂದ ಕೈಗೆ ದಾಟಿಸುವುದು ನೋಡಲು ಒಂದು ಮಜಾ. ಅಂಥ ಒಂದು ಸಲ ನಾನು ಕೇಳಿದೆ, "ಅಕ್ಕಾರ, ನೀವು ಹಂಪಿ ಸರಿಯಾಗಿ ನೋಡೀರಿಲ್ಲೋ?"

"ಹಂಪಿಗೆ ಹೋಗಿ ಬಂದವ್ರನ್ನೆಲ್ಲ ನೋಡೀನಿ. ಅಷ್ಟ ಸಾಕು."

ತಮಾಷೆಯಲ್ಲ, ನಿಜ. ಇಡೀ ಆಯುಷ್ಯ ಬಸ್ ನಿಲ್ದಾಣದ ಪಕ್ಕ ಕಳೆದ ಆ ಹೆಂಗಸು ಬಸ್ಸು ಹತ್ತಿದ್ದು ಬಹಳ ಕಡಿಮೆ. ತಂಗಿಯ ಮನೆಗೆಂದು ಮರಿಯಮ್ಮನಹಳ್ಳಿಗೆ ಹೋದರೆ ಅದೇ ದೊಡ್ಡ ಪ್ರಯಾಣ. "ಅಂಗಡಿ ಮುಚ್ಚಿದ್ರ ಕೀಲಿ ಯಾರು ಕೊಡ್ತಾರ?" ಎಂಬುದು ಅವರ ನೆವ. ಈಗ ಆ ನೆವವೂ ಹೋಯಿತಲ್ಲ. ಅತ್ತೆ ಫೋನು ಮಾಡಿ, "ಮುಂದಿನ ವಾರ ಶ್ರೀಶೈಲಕ್ಕ ಹೊಂಟೀವಿ. ನಿನ್ನ ಸೀಟು ಹಿಡ್ದೀನಿ. ಬರಂಗಿಲ್ಲ ಅಂದ್ರ ನಾ ಚಹಾ ಬಿಡ್ತೀನಿ" ಎಂದರು.

ಬಂದರು. ಹೊಸ ಬ್ಯಾಗು, ಹೊಸ ಚಪ್ಪಲಿ, ಕೈಯಲ್ಲಿ ಅದೇ ರಬ್ಬರ್ ಬ್ಯಾಂಡುಗಳು. ನನ್ನ ಪಕ್ಕದ ಕಿಟಕಿಯ ಸೀಟಿನಲ್ಲಿ ಕೂತು, ಎಳೆಯ ಹುಡುಗಿಯ ಹಾಗೆ ಹೊರಗೆ ನೋಡುತ್ತಿದ್ದರು. ಬಳ್ಳಾರಿಯಲ್ಲಿ ಮಂಡಳಿಯ ಬಸ್ಸು ನಿಂತಾಗ ನಾವೆಲ್ಲ ಇಳಿದು ಹೋಗಿಬಂದೆವು. "ನನಗೇನೂ ಬ್ಯಾಡ, ನೀವು ಹೋಗ್ರಿ" ಎಂದು ಅವರು ಕೂತಲ್ಲೇ ಕೂತರು. ಬಳ್ಳಾರಿ ದಾಟಿತು, ಆಂಧ್ರದ ಬೋರ್ಡುಗಳು ಶುರುವಾದವು. ಆಚೆ ಈಚೆ ಒಂದು ಗಿಡದ ಮರೆಯಿಲ್ಲದ ಬಯಲು. ಅವರ ಮಾತು ಕಡಿಮೆಯಾಯಿತು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸರಿದು ಕೂತರು. ರಬ್ಬರ್ ಬ್ಯಾಂಡು ಪಟ್, ಪಟ್ ಎಂದಿತು. ಕೊನೆಗೆ ನನ್ನ ಕಿವಿಯ ಹತ್ತಿರ ಬಾಗಿದರು.

"ತಂಗಿ, ಡ್ರೈವರಗ ಗಾಡಿ ನಿಲ್ಲಸು ಅಂತ ಹೇಳ್ತೀಯೇನು?"

"ಹೇಳ್ತೀನ್ರೀ ಅಕ್ಕಾರ."

"ನಿನಗಂತ ಹೇಳು."

ನಾನು ಅವರ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ನೋಡಿದರು. ತೊಡೆಯ ಮೇಲಿನ ನೀರಿನ ಬಾಟಲಿ ಹೊಸಪೇಟೆಯಲ್ಲಿ ತುಂಬಿದ್ದು, ಕಂಠದ ತನಕ ಹಾಗೇ ಇತ್ತು.

ಮುಂದಿನ ಸೀಟಿನಲ್ಲಿದ್ದ ನಮ್ಮ ಅತ್ತೆಯ ಕಿವಿ ಸಣ್ಣದಲ್ಲ. ಹಿಂದೆ ತಿರುಗಿ ಅವರನ್ನು ನೋಡಿದರು, ಬಾಟಲಿ ನೋಡಿದರು. ಬೈಯುತ್ತಾರೆ, ಇಷ್ಟು ವರ್ಷದ್ದೆಲ್ಲ ಸೇರಿಸಿ ಬೈಯುತ್ತಾರೆ ಎಂದುಕೊಂಡೆ. ಅತ್ತೆ ಬೈಯಲಿಲ್ಲ. ಸೀಟಿನ ಕಂಬಿ ಹಿಡಿದು ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದರು:

"ಡ್ರೈವರಪ್ಪಾ, ಗಾಡಿ ನಿಲ್ಲಸು! ನನಗ ಒಂದಕ್ಕ ಬಂದೈತಿ!"

ಹಿಂದಿನಿಂದ ಒಬ್ಬರು "ನನಗೂ" ಎಂದರು. ಇನ್ನೊಬ್ಬರು "ನನಗೂ ಬಂದೈತೋ ತಮ್ಮಾ" ಎಂದರು. ಬಸ್ಸು ಮುಂದಿನ ಪೆಟ್ರೋಲ್ ಬಂಕಿಗೆ ತಿರುಗಿತು. ಅತ್ತೆ ಅವರ ಕೈ ಹಿಡಿದು ಇಳಿಸಿಕೊಂಡು ಹೋಗಿ, ಪಾಯಖಾನೆಯ ಬಾಗಿಲ ಮುಂದೆ ಕಾವಲು ನಿಂತರು. ತಾವು ಒಳಗೆ ಹೋಗಲಿಲ್ಲ. ಬಳ್ಳಾರಿಯಲ್ಲಿ ನನ್ನ ಜೊತೆಗೇ ಹೋಗಿಬಂದಿದ್ದರಲ್ಲ, ಅವರಿಗೆ ಎಲ್ಲಿಂದ ಬರಬೇಕು?

ಅವರು ಹೊರಗೆ ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಅತ್ತೆಯನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಬಾಟಲಿಯ ಮುಚ್ಚಳ ತಿರುಗಿಸಿ ಅವರ ಕೈಗಿಟ್ಟರು.

"ಮೊದ್ಲು ನೀರು ಕುಡಿ. ಆಮ್ಯಾಲ ಮಾತು."

ಅವರು ಬಂಕಿನ ಬಿಸಿಲಿನಲ್ಲಿ ನಿಂತು, ತಲೆ ಎತ್ತಿ, ಗಟಗಟ ಕುಡಿದರು.